ಸರ್ವರ್‌ನೊಳಗಿನ ಭೂತ ಮತ್ತು ಮ್ಯಾಕ್ಸ್‌ವೆಲ್

ಮಿನಿ ಪ್ರಾಜೆಕ್ಟ್ ರಿವ್ಯೂಗೆ ಎರಡೇ ದಿನ ಬಾಕಿ. ಲ್ಯಾಬ್‌ನ ಸರ್ವರ್‌ನಲ್ಲಿ ಸೆನ್ಸರ್‌ಗಳ ಮಾಹಿತಿ ಸಂಗ್ರಹಿಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಒಂದನ್ನು ನಾನು ಹಿನ್ನೆಲೆಯಲ್ಲಿ ಓಡಿಸಬೇಕಿತ್ತು. ಕೈಯಾರೆ ಓಡಿಸಿದರೆ ಸರಿಯಾಗಿ ಓಡುತ್ತಿತ್ತು. ಅದನ್ನೇ ಸರ್ವೀಸ್ ಮಾಡಿ ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಎಂದು ಕಮ್ಯಾಂಡ್ ಕೊಟ್ಟರೆ, ಯಾವ ತಕರಾರೂ ಇಲ್ಲದೆ ಪ್ರಾಂಪ್ಟ್ ಮರಳಿ ಬರುತ್ತಿತ್ತು. ಖುಷಿಯಿಂದ ಸ್ಟೇಟಸ್ ಕೇಳಿದರೆ ಕೆಂಪು ಅಕ್ಷರದಲ್ಲಿ ಫೇಲ್ಡ್. ಮತ್ತೆ ಸ್ಟಾರ್ಟ್, ಮತ್ತೆ ಫೇಲ್ಡ್. ರಾತ್ರಿ ಒಂದು ಗಂಟೆಯವರೆಗೆ ಇದೇ ಆಟ.

ಹೀಗೆ ಹಿನ್ನೆಲೆಯಲ್ಲಿ ಕೂತು ಕೆಲಸ ಮಾಡುವ ಪ್ರೋಗ್ರಾಂಗೆ ಡೀಮನ್ ಎಂದು ಹೆಸರು. ಭೂತ ಅಂತಲೇ ಅರ್ಥ. ಆ ರಾತ್ರಿ ಹೆಸರು ಸರಿಯಾಗಿಯೇ ಇದೆ ಅನಿಸಿತ್ತು. ಯಾರಿಟ್ಟರು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಮ್ಮ ಫೀಲ್ಡ್ ಥಿಯರಿ ಪುಸ್ತಕದಲ್ಲಿ ನಾಲ್ಕು ಸಮೀಕರಣಗಳಾಗಿ ನಮ್ಮನ್ನು ಹೆದರಿಸುವ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. 1963ರಲ್ಲಿ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿದ್ದ ಫರ್ನಾಂಡೊ ಕಾರ್ಬಾಟೊ ಅವರ ತಂಡ, ಯಾರೂ ಹೇಳದೆ ತಾನಾಗಿಯೇ ದುಡಿಯುವ ಪ್ರೋಗ್ರಾಂಗಳಿಗೆ ಮ್ಯಾಕ್ಸ್‌ವೆಲ್‌ನ ಭೂತವನ್ನು ನೆನೆದು ಈ ಹೆಸರಿಟ್ಟಿತಂತೆ.

ಮ್ಯಾಕ್ಸ್‌ವೆಲ್ ಹುಟ್ಟಿದ್ದು 1831ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ಬೆಳೆದಿದ್ದು ಗ್ಲೆನ್‌ಲೇರ್ ಎಂಬ ಹಳ್ಳಿಮನೆಯಲ್ಲಿ. ಆ ಕಾಲದ ದೊಡ್ಡ ಮನೆಗಳಲ್ಲಿ ಒಂದು ಕೋಣೆಯಲ್ಲಿ ತಂತಿ ಎಳೆದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತಿತ್ತು. ಮೂರು ವರ್ಷವೂ ತುಂಬದ ಮಗು, ತಂತಿ ಗೋಡೆಯೊಳಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸುತ್ತಿತ್ತಂತೆ. ಇಲ್ಲಿ ಎಳೆದದ್ದಕ್ಕೆ ಅಲ್ಲಿ ಯಾಕೆ ಬಾರಿಸುತ್ತದೆ? ನನ್ನದೂ ಅದೇ ಪ್ರಶ್ನೆ, ನನ್ನ ಗಂಟೆ ಬಾರಿಸುತ್ತಿರಲಿಲ್ಲ ಅಷ್ಟೇ.

ಎಂಟು ವರ್ಷವಾದಾಗ ತಾಯಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಹತ್ತನೇ ವಯಸ್ಸಿಗೆ ಎಡಿನ್‌ಬರೊದ ಶಾಲೆಗೆ ಸೇರಿದ. ಮನೆಯಲ್ಲೇ ಮಾಡಿದ ಬೂಟು, ವಿಚಿತ್ರ ಅಂಗಿ, ಹಳ್ಳಿ ಮಾತು. ಹುಡುಗರು ಪೆದ್ದ ಎಂದು ಅಡ್ಡಹೆಸರಿಟ್ಟರು. ಹಳ್ಳಿಯಿಂದ ಬಂದು ಮೊದಲ ವರ್ಷ ಹಾಸ್ಟೆಲ್ ಸೇರಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಪೆದ್ದ ಹದಿನಾಲ್ಕನೇ ವಯಸ್ಸಿನಲ್ಲಿ ಅಂಡಾಕಾರದ ವಕ್ರರೇಖೆಗಳ ಬಗ್ಗೆ ಲೇಖನ ಬರೆದ. ಅವನಿನ್ನೂ ಚಿಕ್ಕವನೆಂದು ರಾಯಲ್ ಸೊಸೈಟಿ ಆಫ್ ಎಡಿನ್‌ಬರೊದಲ್ಲಿ ಅದನ್ನು ಫೋರ್ಬ್ಸ್ ಎಂಬ ಪ್ರೊಫೆಸರ್ ಮಂಡಿಸಿದರು.

1854ರಲ್ಲಿ ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಮ್ಯಾಕ್ಸ್‌ವೆಲ್‌ಗೆ ಸಿಕ್ಕಿದ್ದು ಎರಡನೇ ಸ್ಥಾನ. ಮೊದಲನೆಯವನು ಎಡ್ವರ್ಡ್ ರೌತ್. ಕಂಟ್ರೋಲ್ ಸಿಸ್ಟಮ್ಸ್ ಓದಿದವರು ಈ ಹೆಸರು ಕೇಳಿ ನಿಟ್ಟುಸಿರು ಬಿಡುತ್ತಾರೆ. ಹೌದು, ರೌತ್-ಹರ್ವಿಟ್ಜ್‌ನ ಅದೇ ರೌತ್.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. 1856ರಲ್ಲಿ ಅಬರ್ಡೀನ್‌ನ ಮಾರಿಶಲ್ ಕಾಲೇಜಿನಲ್ಲಿ ಪ್ರೊಫೆಸರ್ ಕೆಲಸ. ಶನಿಗ್ರಹದ ಬಳೆಗಳು ಗಟ್ಟಿ ತಟ್ಟೆಯಾಗಿರಲು ಸಾಧ್ಯವಿಲ್ಲ, ಅಸಂಖ್ಯ ಚೂರುಗಳಾಗಿರಬೇಕು ಎಂದು ಲೆಕ್ಕ ಹಾಕಿ ಆಡಮ್ಸ್ ಬಹುಮಾನ ಗೆದ್ದದ್ದು ಅಲ್ಲಿದ್ದಾಗಲೇ. 1858ರಲ್ಲಿ ಪ್ರಿನ್ಸಿಪಾಲರ ಮಗಳು ಕ್ಯಾಥರೀನ್ ಜೊತೆ ಮದುವೆ. ಎರಡೇ ವರ್ಷಕ್ಕೆ ಊರಿನ ಎರಡು ಕಾಲೇಜುಗಳು ಒಂದಾದವು. ಭೌತವಿಜ್ಞಾನಕ್ಕೆ ಇಬ್ಬರು ಪ್ರೊಫೆಸರ್‌ಗಳು, ಹುದ್ದೆ ಒಂದು. ಕೆಲಸ ಹೋದದ್ದು ಮ್ಯಾಕ್ಸ್‌ವೆಲ್‌ದು. ಪ್ರಿನ್ಸಿಪಾಲರ ಅಳಿಯನಾಗಿದ್ದೂ ಉಪಯೋಗಕ್ಕೆ ಬರಲಿಲ್ಲ. ಎಡಿನ್‌ಬರೊದಲ್ಲಿ ಖಾಲಿಯಿದ್ದ ಹುದ್ದೆಗೆ ಅರ್ಜಿ ಹಾಕಿದರೆ ಅದು ಶಾಲಾ ಗೆಳೆಯ ಟೇಟ್‌ಗೆ ಹೋಯಿತು. ಅದೇ ವರ್ಷ ಸಿಡುಬು ಬಂದು ಸಾವಿನ ಬಾಗಿಲು ಮುಟ್ಟಿ ಬಂದರು, ಆರೈಕೆ ಮಾಡಿ ಉಳಿಸಿಕೊಂಡವರು ಹೆಂಡತಿ. ನಮ್ಮ ಸೀನಿಯರ್‌ಗಳು ಆಫರ್ ಲೆಟರ್ ಕೈಯಲ್ಲಿ ಹಿಡಿದು ಜಾಯಿನಿಂಗ್ ದಿನಾಂಕಕ್ಕಾಗಿ ಕಾಯುವುದನ್ನು ನೋಡಿರುವ ನನಗೆ 1860 ಅಷ್ಟೇನೂ ಹಳೆಯ ಕಾಲ ಅನಿಸಲಿಲ್ಲ.

ಕೊನೆಗೆ ಲಂಡನ್ನಿನ ಕಿಂಗ್ಸ್ ಕಾಲೇಜು ಕರೆಯಿತು. ಅಲ್ಲಿದ್ದ ಐದು ವರ್ಷಗಳಲ್ಲಿ ಬೆಳಕೂ ವಿದ್ಯುತ್ಕಾಂತೀಯ ಅಲೆಯೇ ಎಂದು ತೋರಿಸಿದರು, ಬಣ್ಣದ ಛಾಯಾಚಿತ್ರದ ದಾರಿ ತೋರಿದರು. 1865ರಲ್ಲಿ ಕೆಲಸ ಬಿಟ್ಟು ಗ್ಲೆನ್‌ಲೇರ್‌ಗೆ ಮರಳಿದರು.

ಭೂತ ಹುಟ್ಟಿದ್ದು ಅಲ್ಲಿದ್ದ ವರ್ಷಗಳಲ್ಲಿ, 1867ರಲ್ಲಿ ಅದೇ ಗೆಳೆಯ ಟೇಟ್‌ಗೆ ಬರೆದ ಪತ್ರದಲ್ಲಿ. ಹುದ್ದೆ ಕೈತಪ್ಪಿದರೂ ಸ್ನೇಹ ಕೆಟ್ಟಿರಲಿಲ್ಲ. ಅನಿಲ ತುಂಬಿದ ಪೆಟ್ಟಿಗೆ, ನಡುವೆ ಗೋಡೆ, ಗೋಡೆಯಲ್ಲಿ ಪುಟ್ಟ ಬಾಗಿಲು. ಬಾಗಿಲ ಬಳಿ ಕೂತ ಒಂದು ಸೂಕ್ಷ್ಮಜೀವಿ ವೇಗದ ಅಣುಗಳನ್ನು ಒಂದು ಕಡೆಗೂ ನಿಧಾನದವನ್ನು ಇನ್ನೊಂದು ಕಡೆಗೂ ಬಿಡುತ್ತದೆ. ಶ್ರಮವಿಲ್ಲದೆ ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು. ಇದು ಸಾಧ್ಯವಾದರೆ ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮದ ಗತಿ ಏನು ಎಂಬುದು ಪ್ರಶ್ನೆ. ಆ ಜೀವಿಗೆ ಭೂತ ಎಂದು ಹೆಸರಿಟ್ಟವರು ಮಾತ್ರ ವಿಲಿಯಂ ಥಾಮ್ಸನ್, ಅಂದರೆ ನಮ್ಮ ಲಾರ್ಡ್ ಕೆಲ್ವಿನ್.

ಮರುವರ್ಷ ಉಗಿಯಂತ್ರದ ಗವರ್ನರ್‌ಗಳ ಬಗ್ಗೆ ಒಂದು ಲೇಖನ ಬಂತು. ಯಂತ್ರದ ವೇಗ ಹೆಚ್ಚಿದರೆ ತಿರುಗುವ ಗುಂಡುಗಳು ಮೇಲೆದ್ದು ಉಗಿಯನ್ನು ಕಡಿಮೆ ಮಾಡುತ್ತವೆ. ಆದರೆ ಕೆಲವು ಗವರ್ನರ್‌ಗಳು ಅತಿಯಾಗಿ ತಿದ್ದಲು ಹೋಗಿ ಯಂತ್ರವನ್ನೇ ಓಲಾಡಿಸುತ್ತಿದ್ದವು. ಕದಡಿದ ವೇಗ ಯಾವಾಗ ಶಾಂತವಾಗುತ್ತದೆ, ಯಾವಾಗ ಹೆಚ್ಚುತ್ತಾ ಹೋಗುತ್ತದೆ ಎಂಬುದನ್ನು ಮ್ಯಾಕ್ಸ್‌ವೆಲ್ ಸಮೀಕರಣದಲ್ಲಿ ಹಿಡಿದರು. ಸರಳ ವ್ಯವಸ್ಥೆಗಳಿಗೆ ಉತ್ತರ ಸಿಕ್ಕಿತು, ಎಲ್ಲದಕ್ಕೂ ಹೊಂದುವ ಉತ್ತರ ಸಿಗಲಿಲ್ಲ. ಅದನ್ನು ಕೊಟ್ಟು 1877ರ ಆಡಮ್ಸ್ ಬಹುಮಾನ ಗೆದ್ದವನು ಅದೇ ರೌತ್. ಕಳೆದ ಸೆಮಿಸ್ಟರ್‌ನಲ್ಲಿ ಆ ಟೇಬಲ್ ಬಿಡಿಸುವಾಗ ಈ ಕಥೆ ಯಾರಾದರೂ ಹೇಳಿದ್ದರೆ ಇನ್ನೊಂದೆರಡು ಅಂಕ ಬರುತ್ತಿತ್ತೇನೋ.

ಇದನ್ನು ಓದಿದ ಮೇಲೆ ನನ್ನ ಗವರ್ನರ್ ಕಡೆ ಕಣ್ಣು ಹೋಯಿತು. ಸತ್ತರೆ ಮತ್ತೆ ಎಬ್ಬಿಸು ಎಂದು ಸರ್ವೀಸ್ ಫೈಲ್‌ನಲ್ಲಿ ನಾನೇ ಬರೆದಿದ್ದೆ. ಜರ್ನಲ್‌ಸಿಟಿಎಲ್‌ನಲ್ಲಿ ಲಾಗ್ ತೆರೆದರೆ, ಕಣ್ಣು ಮಿಟುಕಿಸುವುದರಲ್ಲಿ ಪ್ರೋಗ್ರಾಂ ಐದು ಸಲ ಹುಟ್ಟಿ ಐದು ಸಲ ಹೋಗಿತ್ತು. 10 ಸೆಕೆಂಡಿನಲ್ಲಿ 5 ಸಲಕ್ಕಿಂತ ಹೆಚ್ಚು ಎಬ್ಬಿಸುವುದಿಲ್ಲ ಎಂಬ ತನ್ನ ಮಿತಿಯಂತೆ ಸಿಸ್ಟಮ್‌ಡಿ ಕೈಚೆಲ್ಲಿತ್ತು. ಆದರೆ ಪ್ರತಿ ಸಾವಿನ ಎಕ್ಸಿಟ್ ಕೋಡ್ ಸೊನ್ನೆ. ಅಂದರೆ ಅದು ಕೆಟ್ಟು ನಿಂತದ್ದಲ್ಲ, ಕೆಲಸ ಮುಗಿಯಿತೆಂದು ಹೊರಟದ್ದು!

ಹಳೆಯ ಪ್ರಾಜೆಕ್ಟ್ ಒಂದರಿಂದ ನಾನು ನಕಲು ಮಾಡಿಕೊಂಡ ಕೋಡ್‌ನಲ್ಲಿ ಪ್ರೋಗ್ರಾಂ ತಾನೇ ಫೋರ್ಕ್ ಮಾಡಿ ಹಿನ್ನೆಲೆಗೆ ಸರಿಯುವ ಹತ್ತು ಸಾಲುಗಳಿದ್ದವು. ಸರ್ವೀಸ್ ಫೈಲ್‌ನಲ್ಲಿ ಟೈಪ್ ಸಿಂಪಲ್ ಎಂದಿತ್ತು. ಹಾಗಿದ್ದಾಗ ಸಿಸ್ಟಮ್‌ಡಿ ಮೊದಲ ಪ್ರೋಸೆಸ್ಸನ್ನೇ ಮುಖ್ಯ ಎಂದು ತಿಳಿಯುತ್ತದೆ. ಅಪ್ಪ ಹೊರಟ ಕೂಡಲೇ ಸರ್ವೀಸ್ ಮುಗಿಯಿತೆಂದು, ಹಿಂದೆ ಉಳಿದ ಮಗುವನ್ನೂ ಕೊಲ್ಲುತ್ತಿತ್ತು. ಆ ಹತ್ತು ಸಾಲು ಅಳಿಸಿದೆ. ಡೀಮನ್-ರೀಲೋಡ್ ಬೇಕಾಗಿಯೇ ಇರಲಿಲ್ಲ, ಆದರೂ ಭಯಕ್ಕೆ ಅದನ್ನೂ ಕೊಟ್ಟು ಸ್ಟಾರ್ಟ್ ಎಂದೆ. ಹಸಿರು ಬಂತು.

ಮ್ಯಾಕ್ಸ್‌ವೆಲ್ 1871ರಲ್ಲಿ ಕೇಂಬ್ರಿಡ್ಜ್‌ಗೆ ಹೋಗಿ ಕ್ಯಾವೆಂಡಿಶ್ ಪ್ರಯೋಗಾಲಯವನ್ನು ಕಟ್ಟಿ ನಿಲ್ಲಿಸಿದರು. 1879ರ ನವೆಂಬರ್ 5ರಂದು, ತಾಯಿಯನ್ನು ಕೊಂದ ಅದೇ ಕಾಯಿಲೆಯಿಂದ, 48ನೇ ವಯಸ್ಸಿಗೆ ತೀರಿಕೊಂಡರು. ಅವರು ಹೇಳಿದ ಅಲೆಗಳನ್ನು ಹರ್ಟ್ಜ್ ಪ್ರಯೋಗದಲ್ಲಿ ತೋರಿಸುವ ಹೊತ್ತಿಗೆ ಇನ್ನೂ ಎಂಟು ವರ್ಷ ಕಳೆದಿತ್ತು. ಗ್ಲೆನ್‌ಲೇರ್ ಹತ್ತಿರದ ಪಾರ್ಟನ್ ಎಂಬ ಊರಿನ ಚರ್ಚ್ ಅಂಗಳದಲ್ಲಿ ಅಪ್ಪ, ಅಮ್ಮನ ಜೊತೆಗೇ ಅವರ ಸಮಾಧಿ ಇದೆ.