ಎರಡು ವರ್ಷ ಕೊಳ್ಳುವವರಿಲ್ಲದ ನೇಗಿಲು: ಲಕ್ಷ್ಮಣರಾವ್ ಕಿರ್ಲೋಸ್ಕರ್ ಸಾಗಿದ ಹಾದಿ

ಕಬ್ಬಿಣದ ನೇಗಿಲು ಹೂಡಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದ ಕಾಲವೊಂದಿತ್ತು. ಅದೇ ಕಾಲದಲ್ಲಿ ಬೆಳಗಾವಿಯ ಪುಟ್ಟ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ನೇಗಿಲುಗಳು ಸಿದ್ಧವಾಗಿ ಕುಳಿತಿದ್ದವು. ಎರಡು ವರ್ಷ ಕಳೆದರೂ ಅವುಗಳಲ್ಲಿ ಒಂದನ್ನೂ ಕೊಳ್ಳುವವರು ಸಿಗಲಿಲ್ಲ. ಅವನ್ನು ತಯಾರಿಸಿದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರ ಹೆಸರು ಮುಂದೆ ಭಾರತೀಯ ಯಂತ್ರೋದ್ಯಮದ ಪರ್ಯಾಯ ಪದದಂತಾಯಿತು. ಪಂಪುಸೆಟ್ಟಿನಿಂದ ಹಿಡಿದು ವಿದ್ಯುತ್ ಮೋಟಾರಿನವರೆಗೆ ಆ ಹೆಸರನ್ನು ಕಾಣದ ಹಳ್ಳಿ ನಮ್ಮ ನಾಡಿನಲ್ಲಿ ವಿರಳ. ಆದರೆ ಆ ಹೆಸರಿನ ಹಿಂದಿರುವ ಸೋಲುಗಳ ಸರಮಾಲೆಯನ್ನು ಬಲ್ಲವರು ಕಡಿಮೆ.

ಗುರ್ಲಹೊಸೂರಿನಿಂದ ಮುಂಬಯಿಗೆ

ಲಕ್ಷ್ಮಣರಾಯರು ಜನಿಸಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೂ ಇದೇ ಊರಿನಲ್ಲಿ. ಮನೆಯಲ್ಲಿ ಮರಾಠಿ, ಊರಿನಲ್ಲಿ ಕನ್ನಡ ಎಂಬ ಗಡಿನಾಡಿನ ಸಹಜ ವಾತಾವರಣದ ಬಾಲ್ಯ ಅವರದು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತರು. ಮಗನಿಗಾದರೋ ಶಾಲೆಯ ಪಾಠದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಚಿತ್ರ ಬರೆಯುವುದು ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದು ಇವೆರಡೇ ಅವರ ಗೀಳು.

ತಂದೆಗೆ ಒಪ್ಪಿಗೆಯಿಲ್ಲದಿದ್ದರೂ ಅಣ್ಣ ರಾಮಚಂದ್ರರಾಯರು ತಮ್ಮನ ಓದಿನ ಖರ್ಚಿಗೆ ಹೆಗಲು ಕೊಟ್ಟರು. ಇವರೇ ಮುಂದೆ ರಾಮುಅಣ್ಣ ಎಂದು ಹೆಸರಾದವರು. 1885ರಲ್ಲಿ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಚಿತ್ರಕಾರನಾಗುವ ಕನಸು ಎರಡೇ ವರ್ಷದಲ್ಲಿ ಮುರಿದುಬಿತ್ತು. ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ವರ್ಣಾಂಧತೆಯುಳ್ಳವನಿಗೆ ವರ್ಣಚಿತ್ರ ಒಲಿಯುವುದೆಂತು? ಬಣ್ಣದ ಅಗತ್ಯವಿಲ್ಲದ ಯಾಂತ್ರಿಕ ರೇಖಾಚಿತ್ರದ ಕಡೆಗೆ ಅವರು ಹೊರಳಿದರು. ಜೀವನದ ಮೊದಲ ಸೋಲು ಅವರನ್ನು ಯಂತ್ರಗಳ ಬಳಿಗೆ ತಂದು ನಿಲ್ಲಿಸಿತು.

ಆಗಷ್ಟೇ ಆರಂಭವಾಗಿದ್ದ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅವರಿಗೆ ರೇಖಾಚಿತ್ರದ ಸಹಾಯಕ ಶಿಕ್ಷಕನ ಕೆಲಸ ದೊರೆಯಿತು. ತಿಂಗಳ ಸಂಬಳ 45 ರೂಪಾಯಿ. ಬಿಡುವಿನ ವೇಳೆಯಲ್ಲಿ ಸಂಸ್ಥೆಯ ಯಂತ್ರಶಾಲೆಯೇ ಅವರ ಮನೆಯಾಯಿತು. ವಿದೇಶಿ ತಾಂತ್ರಿಕ ನಿಯತಕಾಲಿಕಗಳನ್ನು ಓದುತ್ತ, ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತ ಅವರು ತಾವೇ ತಮಗೆ ಗುರುವಾದರು.

ಸೈಕಲ್ ಅಂಗಡಿಯಿಂದ ಕಾರ್ಖಾನೆಗೆ

ಮುಂಬಯಿಯ ಬೀದಿಯಲ್ಲಿ ಸೈಕಲ್ ಓಡಾಡುವುದನ್ನು ಕಂಡಾಗ ಅವರಿಗೆ ವ್ಯಾಪಾರದ ದಾರಿಯೊಂದು ಹೊಳೆಯಿತು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ಲುಗಳನ್ನು ಕೊಂಡು ಕಳುಹಿಸುವುದು, ರಾಮುಅಣ್ಣ ಬೆಳಗಾವಿಯಲ್ಲಿ ಅವನ್ನು ಮಾರುವುದು, ಕೊಂಡವರಿಗೆ ಸವಾರಿಯನ್ನೂ ಕಲಿಸುವುದು ಎಂಬ ಏರ್ಪಾಡಾಯಿತು. ಕಿರ್ಲೋಸ್ಕರ್ ಸಮೂಹ ತನ್ನ ಆರಂಭದ ವರ್ಷವೆಂದು ಗುರುತಿಸುವ 1888 ಈ ಸೈಕಲ್ ವ್ಯಾಪಾರದ್ದೇ.

ಮುಂಬಯಿಯ ನೌಕರಿ ಹೆಚ್ಚು ಕಾಲ ಉಳಿಯಲಿಲ್ಲ. ತಮಗೆ ಸಲ್ಲಬೇಕಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಸಹೋದ್ಯೋಗಿಯೊಬ್ಬರ ಪಾಲಾದಾಗ ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಹೊರನಡೆದರು. ಇನ್ನು ಮುಂದೆ ಯಾರ ಕೈಕೆಳಗೂ ದುಡಿಯಬಾರದೆಂಬ ನಿರ್ಧಾರದೊಂದಿಗೆ ಅವರು ಬೆಳಗಾವಿಗೆ ಮರಳಿದರು. ಸೈಕಲ್ ವ್ಯಾಪಾರದಿಂದ ಜೀವನ ಸಾಗುತ್ತಿತ್ತಾದರೂ ಬೇರೆಯವರು ತಯಾರಿಸಿದ ವಸ್ತುವನ್ನು ಮಾರುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲ. ಊರಿನ ಹೊರವಲಯದಲ್ಲಿ ಪುಟ್ಟದೊಂದು ಕಾರ್ಖಾನೆ ಹಾಕಿ ಮೇವು ಕತ್ತರಿಸುವ ಯಂತ್ರವನ್ನು ತಯಾರಿಸತೊಡಗಿದರು. ಜೋಳದ ದಂಟನ್ನು ಹಾಗೆಯೇ ದನಗಳ ಮುಂದೆ ಹಾಕಿದರೆ ಬಹುಪಾಲು ವ್ಯರ್ಥವಾಗುತ್ತದೆ, ಸಣ್ಣಗೆ ಕತ್ತರಿಸಿ ಹಾಕಿದರೆ ಉಳಿತಾಯವಾಗುತ್ತದೆ ಎಂಬುದು ಅದರ ಹಿಂದಿನ ಸರಳ ಲೆಕ್ಕಾಚಾರ.

ಅನಂತರ ಅವರ ಕಣ್ಣು ಬಿದ್ದದ್ದು ನೇಗಿಲಿನ ಮೇಲೆ. ಮರದ ನೇಗಿಲು ಮಣ್ಣನ್ನು ಗೀರುತ್ತದೆಯೇ ಹೊರತು ಮಗುಚಿ ಹಾಕುವುದಿಲ್ಲ. ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದ ಎರೆಭೂಮಿಯಲ್ಲಿ ಆಳಕ್ಕೆ ಬೇರು ಬಿಡುವ ಕರಿಕೆಯನ್ನು ಕಿತ್ತೊಗೆಯುವುದು ಅದರಿಂದಾಗದ ಕೆಲಸ. ಇಂಗ್ಲೆಂಡಿನಿಂದ ಬರುತ್ತಿದ್ದ ಕಬ್ಬಿಣದ ನೇಗಿಲುಗಳ ಬಾಗಿದ ರೆಕ್ಕೆ ಮಣ್ಣನ್ನು ಎತ್ತಿ ಮಗುಚುತ್ತಿತ್ತು, ಕಳೆಯನ್ನು ಬುಡಮೇಲು ಮಾಡುತ್ತಿತ್ತು. ಅಂಥ ನೇಗಿಲನ್ನು ಇಲ್ಲಿಯೇ ಏಕೆ ತಯಾರಿಸಬಾರದು ಎಂಬುದು ಲಕ್ಷ್ಮಣರಾಯರ ಯೋಚನೆ. 1903ರಲ್ಲಿ ಅವರ ಮೊದಲ ಕಬ್ಬಿಣದ ನೇಗಿಲು ಸಿದ್ಧವಾಯಿತು.

ಯಾರೂ ಮುಟ್ಟದ ಸರಕು

ನೇಗಿಲನ್ನು ತಯಾರಿಸುವುದಕ್ಕಿಂತ ಮಾರುವುದು ಎಷ್ಟೋ ಪಾಲು ಕಷ್ಟವೆಂಬುದು ಆಗ ಅವರಿಗೆ ಅರಿವಾಯಿತು. ಕಬ್ಬಿಣ ತಾಗಿದರೆ ನೆಲ ಕೆಡುತ್ತದೆ ಎಂದು ರೈತರು ಅದನ್ನು ಹೊಲಕ್ಕೆ ಇಳಿಸಲು ಒಪ್ಪಲಿಲ್ಲ. ಮರದ ನೇಗಿಲಿನ ತುದಿಗೂ ಕಬ್ಬಿಣದ ಕುಳವಿರುತ್ತಿತ್ತೆಂಬುದನ್ನು ನೆನೆದರೆ ಈ ಭಯ ವಿಚಿತ್ರವೆನಿಸಬಹುದು. ಆದರೆ ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಮರದ ನೇಗಿಲನ್ನು ಊರಿನ ಬಡಿಗನೇ ಮಾಡಿಕೊಡುತ್ತಿದ್ದ, ಕುಳವನ್ನು ಕಮ್ಮಾರ ಹರಿತಗೊಳಿಸುತ್ತಿದ್ದ. ಇಬ್ಬರಿಗೂ ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಆಯ ಸಲ್ಲುತ್ತಿತ್ತು. ಕಬ್ಬಿಣದ ನೇಗಿಲಿಗೆ ರೊಕ್ಕ ಎಣಿಸಬೇಕು. ಮುರಿದರೆ ಅದನ್ನು ಸರಿಪಡಿಸಬಲ್ಲವರು ಊರಿನಲ್ಲಿಲ್ಲ. ಮಳೆಯನ್ನೇ ನಂಬಿ ಬದುಕುವ ರೈತನಿಗೆ ಒಂದು ಹಂಗಾಮು ಕೈತಪ್ಪಿದರೆ ವರ್ಷವೇ ಕೈತಪ್ಪಿದಂತೆ. ಅಪರಿಚಿತ ಸಲಕರಣೆಯನ್ನು ನಂಬಿ ಅಂಥ ಗಂಡಾಂತರಕ್ಕೆ ತಲೆಯೊಡ್ಡಲು ಅವನು ಸಿದ್ಧನಿರಲಿಲ್ಲ.

ಹೀಗೆ ಎರಡು ವರ್ಷ ಸರಿದವು. ಕೂಲಿ ಕೊಡಬೇಕು, ಕಬ್ಬಿಣ ಕೊಳ್ಳಬೇಕು, ಬರುವ ಹಣ ಮಾತ್ರ ಇಲ್ಲ. ಈ ಅವಧಿಯಲ್ಲಿ ಕಾರ್ಖಾನೆಯನ್ನು ಮುಚ್ಚಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಅಣ್ಣತಮ್ಮಂದಿರು ಕೈಬಿಡಲಿಲ್ಲ. ಕೊನೆಗೆ ನೇಗಿಲು ಹೊಲಕ್ಕಿಳಿಯಿತು. ಮೊದಲು ಕೊಂಡವರ ಹೊಲ ನೋಡಿ ಇತರರು ಕೊಂಡರು. ಬೇಡಿಕೆ ಮೆಲ್ಲನೆ ಚಿಗುರತೊಡಗಿತು.

ಕಾರ್ಖಾನೆ ಇನ್ನೇನು ನೆಲೆಯೂರಿತು ಎನ್ನುವಷ್ಟರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಹೊಸ ಬಡಾವಣೆಗೆ ಜಾಗ ಬೇಕೆಂದು ಬೆಳಗಾವಿ ಪುರಸಭೆ ಕಾರ್ಖಾನೆಯನ್ನು ತೆರವು ಮಾಡಲು ಸೂಚಿಸಿತು. ಬೇರೆಡೆ ಜಾಗ ಕೊಳ್ಳಲು, ಕಟ್ಟಡ ಕಟ್ಟಲು, ಯಂತ್ರಗಳನ್ನು ಸಾಗಿಸಲು ಕೈಯಲ್ಲಿ ಹಣವಿರಲಿಲ್ಲ. ವರ್ಷಗಳ ದುಡಿಮೆ ಬೀದಿಗೆ ಬೀಳುವ ಪರಿಸ್ಥಿತಿ ಎದುರಾಯಿತು.

ಮುಳ್ಳುಕಳ್ಳಿಯ ನೆಲದಲ್ಲಿ

ಆಗ ನೆರವಿಗೆ ಬಂದವರು ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ಬಾಳಾಸಾಹೇಬರೆಂದು ಹೆಸರಾಗಿದ್ದ ಇವರು ಸ್ವತಃ ಚಿತ್ರಕಾರರು, ಸೂರ್ಯನಮಸ್ಕಾರದ ಪ್ರಚಾರಕರೆಂದೂ ಖ್ಯಾತರು. ಲಕ್ಷ್ಮಣರಾಯರಿಗೆ ಅವರು ಹಳೆಯ ಪರಿಚಯ. ಔಂಧ್‌ನ ದೇವಾಲಯದಲ್ಲಿ ಸಭಾಮಂಟಪ ನಿರ್ಮಿಸುವ ಕೆಲಸವನ್ನು ಮೊದಲು ಕಿರ್ಲೋಸ್ಕರರಿಗೆ ವಹಿಸಲಾಯಿತು. ಆ ಕೆಲಸದಲ್ಲಿ ಕಂಡ ಅಚ್ಚುಕಟ್ಟು ರಾಜರ ವಿಶ್ವಾಸವನ್ನು ಗಟ್ಟಿಗೊಳಿಸಿತು. ಕಾರ್ಖಾನೆಗಾಗಿ ತಮ್ಮ ಸಂಸ್ಥಾನದಲ್ಲಿ ಜಾಗವನ್ನೂ 10,000 ರೂಪಾಯಿ ಸಾಲವನ್ನೂ ಅವರು ನೀಡಿದರು. ಸಣ್ಣ ಕಾರ್ಖಾನೆಯವನಿಗೆ ಸಾಲ ಸುಲಭವಾಗಿ ಹುಟ್ಟದಿದ್ದ ಆ ದಿನಗಳಲ್ಲಿ ಇದು ದೊಡ್ಡ ಮೊತ್ತ.

ದೊರೆತ ಜಾಗವಾದರೋ ಪುಣೆ–ಮೀರಜ್ ಮಾರ್ಗದ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿಯ 32 ಎಕರೆ ಬರಡು ನೆಲ. ಎಲ್ಲಿ ನೋಡಿದರೂ ಮುಳ್ಳುಕಳ್ಳಿ, ಕಾಲಿಟ್ಟಲ್ಲಿ ನಾಗರಹಾವು. 1910ರಲ್ಲಿ ಯಂತ್ರಗಳನ್ನು ಹೇರಿಕೊಂಡು, 25 ಕಾರ್ಮಿಕರು ಮತ್ತು ಅವರ ಕುಟುಂಬಗಳೊಂದಿಗೆ ಕಿರ್ಲೋಸ್ಕರ್ ಸಹೋದರರು ಅಲ್ಲಿಗೆ ಬಂದಿಳಿದರು. ಬೆಳಗಾವಿಯ ಅನುಕೂಲಗಳನ್ನು ಬಿಟ್ಟು ಈ ಕಾಡುಪಾಲಿಗೆ ಬಂದ ಕಾರ್ಮಿಕರ ನಂಬಿಕೆಯೇ ಹೊಸ ಉದ್ಯಮದ ನಿಜವಾದ ಬಂಡವಾಳವಾಗಿತ್ತು. ವಿದೇಶಗಳ ಕೈಗಾರಿಕಾ ಗ್ರಾಮಗಳ ಬಗ್ಗೆ ಓದಿದ್ದ ಲಕ್ಷ್ಮಣರಾಯರಿಗೆ ಅಂಥದೇ ಊರೊಂದನ್ನು ಕಟ್ಟುವ ಬಯಕೆ ಮೊದಲಿನಿಂದಲೂ ಇತ್ತು. ಎತ್ತಂಗಡಿಯ ಸಂಕಟವೇ ಆ ಬಯಕೆಗೆ ದಾರಿ ತೆರೆಯಿತು. ಕಿರ್ಲೋಸ್ಕರವಾಡಿ ಹುಟ್ಟಿದ್ದು ಹೀಗೆ.

ಊರು ಕಟ್ಟುವ ಹೊಣೆ ರಾಮುಅಣ್ಣನವರದಾಯಿತು. ಯಂತ್ರಗಳ ತೊಡಕುಗಳನ್ನು ಬಿಡಿಸಲು ಶಂಭುರಾವ್ ಜಾಂಭೇಕರ್, ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ ನಿಂತರು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಅನಂತರಾವ್ ಫಳಣೀಕರ್ ಒಳ್ಳೆಯ ತಂತ್ರಜ್ಞರಾಗಿ ಬೆಳೆದರು. ದರೋಡೆಗಾಗಿ ಶಿಕ್ಷೆಗೊಳಗಾಗಿದ್ದ ಇಬ್ಬರನ್ನು ಲಕ್ಷ್ಮಣರಾಯರು ಊರಿನ ಕಾವಲಿಗೆ ನೇಮಿಸಿದರು, ಅವರು ನೆಚ್ಚಿನ ಕಾವಲುಗಾರರಾದರು. ಅಸ್ಪೃಶ್ಯತೆಯ ಆಚರಣೆಗೆ ಊರಿನಲ್ಲಿ ಎಡೆಯಿರಲಿಲ್ಲ. ಇತರರು ಕೆಲಸಕ್ಕೆ ಬಾರದವರೆಂದು ಬದಿಗೆ ಸರಿಸಿದವರಲ್ಲಿಯೂ ಗುಣವನ್ನು ಕಾಣುವ ದೃಷ್ಟಿ ಅವರದಾಗಿತ್ತು. ಬಣ್ಣ ಕಾಣದ ಕಣ್ಣಿನಿಂದಾಗಿ ತಾವೂ ಒಮ್ಮೆ ಕಲಾಶಾಲೆಯಿಂದ ಹೊರಬಂದವರಲ್ಲವೇ?

ತೋಪಿನಿಂದ ನೇಗಿಲು

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅದು ಕಿರ್ಲೋಸ್ಕರವಾಡಿಗೆ ವರವೂ ಶಾಪವೂ ಆಯಿತು. ವಿದೇಶಿ ನೇಗಿಲುಗಳ ಆಮದು ಕುಗ್ಗಿದ್ದರಿಂದ ಸ್ವದೇಶಿ ನೇಗಿಲಿಗೆ ಬೇಡಿಕೆ ಏರಿತು. ಆದರೆ ನೇಗಿಲು ಎರಕ ಹೊಯ್ಯಲು ಬೇಕಾದ ಬೀಡುಕಬ್ಬಿಣವೂ ಹೊರಗಿನಿಂದಲೇ ಬರಬೇಕಿತ್ತು, ಅದೂ ನಿಂತುಹೋಯಿತು. ಗಿರಾಕಿಗಳಿದ್ದರೂ ಕಚ್ಚಾ ಸರಕಿಲ್ಲದ ವಿಪರೀತ ಸ್ಥಿತಿ. ಆಗ ಕೊಲ್ಲಾಪುರ ಸಂಸ್ಥಾನದಲ್ಲಿ ಉಪಯೋಗವಿಲ್ಲದೆ ಬಿದ್ದಿದ್ದ ಹಳೆಯ ತೋಪುಗಳು ಒದಗಿಬಂದವು. ಶಾಹೂ ಮಹಾರಾಜರ ಔದಾರ್ಯದಿಂದ ದೊರೆತ ಆ ತೋಪುಗಳು ಕುಲುಮೆಯಲ್ಲಿ ಕರಗಿ ನೇಗಿಲುಗಳಾದವು.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪುಗಳು ಒಂದೊಂದಾಗಿ ಕಾರ್ಖಾನೆಯಿಂದ ಹೊರಬಂದವು. ಅದೇ ವರ್ಷ ಆರಂಭವಾದ ಪ್ರಚಾರ ಪತ್ರಿಕೆ 'ಕಿರ್ಲೋಸ್ಕರ್ ಖಬರ್', ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಮರಾಠಿಯ ಪ್ರಮುಖ ಮಾಸಪತ್ರಿಕೆಯಾಗಿ ಬೆಳೆಯಿತು. ಲಕ್ಷ್ಮಣರಾಯರ ಮಗ ಶಂತನುರಾವ್ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿ 1926ರಲ್ಲಿ ಹಿಂದಿರುಗಿದರು.

ಕಷ್ಟಗಳು ಅಲ್ಲಿಗೇ ಮುಗಿಯಲಿಲ್ಲ. 1930ರ ದಶಕದ ಜಾಗತಿಕ ಆರ್ಥಿಕ ಮುಗ್ಗಟ್ಟು ಕೃಷಿ ಉತ್ಪನ್ನಗಳ ಬೆಲೆಯನ್ನು ನೆಲಕಚ್ಚಿಸಿತು. ರೈತನ ಕೈ ಬರಿದಾದರೆ ರೈತನನ್ನೇ ನಂಬಿದ ಕಾರ್ಖಾನೆಯೂ ಬರಿದಾಗುತ್ತದೆ. ಕೃಷಿ ಸಲಕರಣೆಗಳನ್ನಷ್ಟೇ ನೆಚ್ಚಿ ಕೂರದೆ ಉಕ್ಕಿನ ಪೀಠೋಪಕರಣಗಳಂಥ ಬೇರೆ ಸರಕುಗಳತ್ತಲೂ ಕಾರ್ಖಾನೆ ಹೊರಳಬೇಕಾಯಿತು.

ಮರಳಿ ಕನ್ನಡ ನಾಡಿಗೆ

ಬೆಳಗಾವಿಯನ್ನು ತೊರೆದ ಮೂರು ದಶಕಗಳ ನಂತರ ಕಿರ್ಲೋಸ್ಕರರ ಉದ್ಯಮ ಕನ್ನಡ ನೆಲಕ್ಕೆ ಮತ್ತೆ ಕಾಲಿಟ್ಟಿತು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಮೂಲೆಮೂಲೆಯ ಕಾರ್ಖಾನೆಗಳನ್ನು ಸೇರಿದವು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಆರಂಭವಾಯಿತು. ಹರಿಹರದ ಬದುಕಿಗೆ ಹಲವು ದಶಕ ಆಸರೆಯಾಗಿದ್ದ ಕಾರ್ಖಾನೆ ಹೊಸ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿ, ನೂರಾರು ಕುಟುಂಬಗಳನ್ನು ಸಂಕಷ್ಟಕ್ಕೆ ದೂಡಿತು. ಉದ್ಯಮದ ಹುಟ್ಟಿನಂತೆ ಅದರ ಸಾವೂ ಒಂದು ಊರಿನ ಚರಿತ್ರೆಯನ್ನು ಬದಲಿಸಬಲ್ಲದು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು, ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. 1969ರಲ್ಲಿ ಅವರ ಜನ್ಮಶತಮಾನೋತ್ಸವದ ನೆನಪಿಗೆ ಭಾರತ ಸರ್ಕಾರ ಅಂಚೆಚೀಟಿ ಹೊರತಂದಿತು. ಅವರ ಕಾರ್ಖಾನೆಯನ್ನು ಎಬ್ಬಿಸಿ ಕಳುಹಿಸಿದ ಬೆಳಗಾವಿಯಲ್ಲಿ, ಸೈಕಲ್ ಅಂಗಡಿಯಿದ್ದ ಬೀದಿಗೆ ಈಗ ಕಿರ್ಲೋಸ್ಕರ್ ರಸ್ತೆ ಎಂಬ ಹೆಸರಿದೆ.

ಹೊಸ ಉದ್ದಿಮೆಗಳ ಬಗ್ಗೆ ಮಾತನಾಡುವಾಗ ಬಂಡವಾಳ ಮತ್ತು ತಂತ್ರಜ್ಞಾನದ ಪ್ರಸ್ತಾಪವೇ ಮೊದಲು ಬರುತ್ತದೆ. ಲಕ್ಷ್ಮಣರಾಯರ ಬಳಿ ತಂತ್ರಜ್ಞಾನವಿತ್ತು, ಆದರೂ ನೇಗಿಲು ಎರಡು ವರ್ಷ ಮೂಲೆ ಹಿಡಿಯಿತು. ಅವರು ಕಾಯಬೇಕಾಗಿದ್ದುದು ರೈತನ ನಂಬಿಕೆಗಾಗಿ. ಆ ಕಾಯುವಿಕೆಯ ಕಾಲದಲ್ಲಿ ಅವರನ್ನು ಉಳಿಸಿದ್ದು ಅಣ್ಣನೊಬ್ಬನ ಹೆಗಲು, ನೆಲೆ ತಪ್ಪಿದಾಗ ಕೈಹಿಡಿದದ್ದು ಅರಸನೊಬ್ಬನ ಸಾಲ ಮತ್ತು 25 ಕಾರ್ಮಿಕ ಕುಟುಂಬಗಳ ಭರವಸೆ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಬೆಳಗಾವಿಯ ಮುಚ್ಚಿಹೋದ ಕಾರ್ಖಾನೆಗಳ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತಿತ್ತು. ಹಾವು ಮತ್ತು ಮುಳ್ಳುಕಳ್ಳಿಗಳ ನೆಲೆಯಾಗಿದ್ದ ಕುಂಡಲ್ ರೋಡ್‌ನ ಬಯಲಿನಲ್ಲಿ ಇಂದಿಗೂ ಪಂಪುಗಳು ತಯಾರಾಗುತ್ತಿವೆ. ಅಲ್ಲಿನ ರೈಲು ನಿಲ್ದಾಣದ ಫಲಕದ ಮೇಲಿರುವ ಹೆಸರು ಕಿರ್ಲೋಸ್ಕರವಾಡಿ.