ನಾಡಿಯ ಮರ್ಮವನ್ನರಿತ ಸರ್ ಜೇಮ್ಸ್ ಮೆಕೆಂಜಿ

ಹದಿನೈದರ ಪ್ರಾಯದಲ್ಲಿ ಶಾಲೆಯನ್ನು ತೊರೆದು ಔಷಧದಂಗಡಿಯ ಕೆಲಸಕ್ಕೆ ನಿಂತ ಹುಡುಗನು ಮುಂದೆ ಹೃದ್ರೋಗ ವಿಜ್ಞಾನದ ಆದ್ಯ ಪುರುಷರಲ್ಲಿ ಒಬ್ಬನೆನಿಸಿದನು. ಆತನೇ ಸರ್ ಜೇಮ್ಸ್ ಮೆಕೆಂಜಿ.

ಮೆಕೆಂಜಿಯವರು 1853ರಲ್ಲಿ ಸ್ಕಾಟ್ಲೆಂಡಿನ ಸ್ಕೂನ್ ಎಂಬಲ್ಲಿ ರೈತ ಕುಟುಂಬದಲ್ಲಿ ಜನಿಸಿದರು. ಬಾಯಿಪಾಠವೇ ಪ್ರಧಾನವಾಗಿದ್ದ ಶಾಲೆಯಲ್ಲಿ ಅವರು ಜಾಣರೆನಿಸಿಕೊಳ್ಳಲಿಲ್ಲ. ಪರ್ತ್ ಪಟ್ಟಣದ ಔಷಧದಂಗಡಿಯಲ್ಲಿ ಕೆಲವು ವರ್ಷ ದುಡಿದ ಮೇಲೆ ವೈದ್ಯನಾಗಬೇಕೆಂಬ ಹಂಬಲ ಬಲಿಯಿತು. 1874ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿ, 1878ರಲ್ಲಿ ಪದವೀಧರರಾದರು. ಅಲ್ಲಿಯ ಆಸ್ಪತ್ರೆಯಲ್ಲಿ ಸ್ವಲ್ಪಕಾಲ ಅನುಭವ ಪಡೆದು, 1879ರಲ್ಲಿ ಇಂಗ್ಲೆಂಡಿನ ಬರ್ನ್ಲಿಗೆ ಬಂದರು.

ಬರ್ನ್ಲಿಯು ಹತ್ತಿಗಿರಣಿಗಳ ಊರು. ಕಾರ್ಮಿಕರೇ ಅವರ ರೋಗಿಗಳು. ಅಲ್ಲಿ ಹೃದಯದೌರ್ಬಲ್ಯವಿದ್ದ ಗರ್ಭಿಣಿಯೊಬ್ಬಳು ಹೆರಿಗೆಯ ಸಮಯದಲ್ಲಿ ಅವರ ಕಣ್ಣೆದುರಿಗೇ ತೀರಿಕೊಂಡಳು. ಅಪಾಯವನ್ನು ಮುಂಗಾಣಲಾರದ ಈ ವಿದ್ಯೆ ಸಾಲದೆಂದು ಅವರಿಗೆ ಮನವರಿಕೆಯಾಯಿತು. ನಿಜವಾದ ವ್ಯಾಸಂಗವು ಅಂದಿನಿಂದಲೇ ಮೊದಲಾಯಿತೆನ್ನಬೇಕು.

ಹಗಲಿರುಳು ರೋಗಿಗಳನ್ನು ನೋಡುತ್ತಲೇ, ಕೊರಳಿನ ರಕ್ತನಾಳದ ಮಿಡಿತವನ್ನೂ ಕೈಯ ನಾಡಿಯನ್ನೂ ಏಕಕಾಲದಲ್ಲಿ ಕಾಗದದ ಮೇಲೆ ಬರೆಯುವ ಪಾಲಿಗ್ರಾಫ್ ಎಂಬ ಯಂತ್ರವನ್ನು ಅವರು ರೂಪಿಸಿದರು. ಗಡಿಯಾರ ಕುಶಲಿಯೊಬ್ಬನು ಅದಕ್ಕೆ ನೆರವಾದನು. ಹೃದಯದ ಮೇಲಿನ ಹಾಗೂ ಕೆಳಗಿನ ಕೋಣೆಗಳ ಗತಿಯನ್ನು ಇದರಿಂದ ಬೇರೆಬೇರೆಯಾಗಿ ತಿಳಿಯುವುದು ಸಾಧ್ಯವಾಯಿತು. ಒಬ್ಬನೇ ರೋಗಿಯನ್ನು ವರ್ಷಗಟ್ಟಲೆ ಗಮನಿಸಿ, ತಪ್ಪುವ ನಾಡಿಗಳೆಲ್ಲ ಅಪಾಯಕರವಲ್ಲವೆಂದು ಅವರು ತೋರಿಸಿಕೊಟ್ಟರು. ವೃಥಾ ಭಯದಿಂದ ಹಾಸಿಗೆ ಹಿಡಿದಿದ್ದ ಎಷ್ಟೋ ಜನರು ಮತ್ತೆ ದುಡಿಮೆಗೆ ಮರಳುವಂತಾಯಿತು. ನಿಜವಾಗಿ ಕೆಟ್ಟ ಗತಿ ಯಾವುದು, ಡಿಜಿಟಾಲಿಸ್ ಔಷಧವು ಯಾರಿಗೆ ಹಿತ ಎಂಬುದೂ ಸ್ಪಷ್ಟವಾಗತೊಡಗಿತು.

1902ರಲ್ಲಿ ನಾಡಿಯ ವಿಷಯವಾಗಿಯೂ 1908ರಲ್ಲಿ ಹೃದ್ರೋಗಗಳ ವಿಷಯವಾಗಿಯೂ ಅವರ ಗ್ರಂಥಗಳು ಪ್ರಕಟವಾದವು. ಬರ್ನ್ಲಿಯಲ್ಲಿ ಇಪ್ಪತ್ತೆಂಟು ವರ್ಷ ಕಳೆದು, 1907ರಲ್ಲಿ ಲಂಡನ್ನಿಗೆ ತೆರಳಿದರು. 1915ರಲ್ಲಿ ಸರ್ ಬಿರುದೂ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆತವು. ಆದರೆ ರೋಗದ ಮೊಳಕೆಯನ್ನು ಮೊದಲು ಕಾಣುವವನು ಮನೆಯ ವೈದ್ಯನೇ ಎಂಬುದು ಅವರ ದೃಢ ನಂಬಿಕೆ. ಆದುದರಿಂದ 1918ರಲ್ಲಿ ಲಂಡನ್ನಿನ ಸಂಪಾದನೆಯನ್ನು ಬಿಟ್ಟು ಸೇಂಟ್ ಆಂಡ್ರೂಸ್‌ಗೆ ಹೋಗಿ, ಸಾಮಾನ್ಯ ವೈದ್ಯರಿಗಾಗಿ ಸಂಶೋಧನಾಲಯವನ್ನು ಕಟ್ಟಿದರು.

ಅನೇಕ ವರ್ಷ ಎದೆನೋವನ್ನು ತಾವೇ ಅನುಭವಿಸಿದ ಈ ವೈದ್ಯರು 1925ರ ಜನವರಿಯಲ್ಲಿ ಹೃದ್ರೋಗದಿಂದಲೇ ನಿಧನರಾದರು. ಅವರ ಇಚ್ಛೆಯಂತೆ ಮರಣಾನಂತರ ಅವರ ಹೃದಯವನ್ನೇ ಪರೀಕ್ಷಿಸಲಾಯಿತು.

ವಿಶ್ವವಿದ್ಯಾನಿಲಯವು ಅವರಿಗೆ ಪದವಿಯನ್ನಿತ್ತಿತು. ವಿದ್ಯೆಯನ್ನಿತ್ತವರು ಬರ್ನ್ಲಿಯ ಬಡ ನೇಕಾರರು. ಹಗಲು ದುಡಿದು ರಾತ್ರಿ ಓದುವ ನಮ್ಮ ತರುಣರು ಈ ಮಾತನ್ನು ಮನನಮಾಡಬೇಕು.