ನೆಲೆ ಕಳೆದುಕೊಂಡ ವಾಸ್ತುಶಿಲ್ಪಿ ಕಟ್ಟಿದ ನೆಲೆಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲೋಹವಿಜ್ಞಾನ ವಿಭಾಗದ ಕಟ್ಟಡವನ್ನು ಕಂಡವರು ಅನೇಕರು. ಅದನ್ನು ರೂಪಿಸಿದ ಒಟ್ಟೊ ಕೋನಿಗ್ಸ್‌ಬರ್ಗರ್ ಅವರು ತಾಯ್ನಾಡಿನಿಂದ ಹೊರದೂಡಲ್ಪಟ್ಟು ಮೈಸೂರು ಸಂಸ್ಥಾನದ ಆಸರೆಗೆ ಬಂದವರು ಎಂಬುದನ್ನು ಬಲ್ಲವರು ಕಡಿಮೆ.

1908ರಲ್ಲಿ ಬರ್ಲಿನ್‌ನಲ್ಲಿ, ಯಹೂದಿ ಮೂಲದ ಸುಶಿಕ್ಷಿತ ಕುಟುಂಬದಲ್ಲಿ ಅವರು ಜನಿಸಿದರು. 1933ರಲ್ಲಿ, ಯುವ ವಾಸ್ತುಶಿಲ್ಪಿಗಳಿಗೆ ಜರ್ಮನಿಯಲ್ಲಿ ಪ್ರತಿಷ್ಠಿತವಾಗಿದ್ದ ಶಿಂಕೆಲ್ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷ ಹಿಟ್ಲರನ ಸರ್ಕಾರ ಯಹೂದಿ ಮೂಲದವರನ್ನು ಸರ್ಕಾರಿ ಸೇವೆಯಿಂದ ಹೊರಗಿಡುವ ಕಾನೂನು ತಂದಿತು. ಪ್ರಶಸ್ತಿ ಕೈಯಲ್ಲಿದ್ದರೂ ಉದ್ಯೋಗ ಉಳಿಯಲಿಲ್ಲ. ಈಜಿಪ್ಟಿಗೆ ತೆರಳಿದ ಅವರು ಪುರಾತತ್ತ್ವ ಸಂಶೋಧನೆಯಲ್ಲಿ ತೊಡಗಿ, ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯ ಕುರಿತು ಪ್ರೌಢಪ್ರಬಂಧ ಬರೆದರು.

ಮೈಸೂರಿನ ಬಾಗಿಲು ತೆರೆದುದರ ಹಿಂದೆ ಬಂಧುತ್ವದ ಎಳೆಯೊಂದಿತ್ತು. ಖ್ಯಾತ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸೋದರಮಾವ. ಬಾರ್ನ್ ಕೂಡ ಇದೇ ಕಾರಣಕ್ಕೆ ಜರ್ಮನಿಯ ಹುದ್ದೆ ಕಳೆದುಕೊಂಡಿದ್ದರು. ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935-36ರಲ್ಲಿ ಅವರು ಕೆಲವು ತಿಂಗಳು ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರಿಗೆ ಕಾಯಂ ಪ್ರಾಧ್ಯಾಪಕ ಸ್ಥಾನ ಕೊಡಿಸುವ ರಾಮನ್‌ರ ಪ್ರಯತ್ನ ಫಲಿಸಲಿಲ್ಲ. ಆದರೆ ಆ ವಾಸ್ತವ್ಯದಲ್ಲಿ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಬೆಳೆದ ಪರಿಚಯ ವ್ಯರ್ಥವಾಗಲಿಲ್ಲ. 1939ರಲ್ಲಿ ಮಿರ್ಜಾ ಅವರು ಕೋನಿಗ್ಸ್‌ಬರ್ಗರ್ ಅವರನ್ನು ಸಂಸ್ಥಾನದ ವಾಸ್ತುಶಿಲ್ಪ ಸೇವೆಗೆ ಬರಮಾಡಿಕೊಂಡರು.

ಆ ಕಾಲದ ಜಗತ್ತನ್ನು ನೆನೆದರೆ ಈ ನೇಮಕದ ಬೆಲೆ ತಿಳಿಯುತ್ತದೆ. 1938ರ ಜುಲೈನಲ್ಲಿ ಎವಿಯಾಂ ಸಮ್ಮೇಳನದಲ್ಲಿ ಸೇರಿದ 32 ದೇಶಗಳು ಯಹೂದಿ ನಿರಾಶ್ರಿತರ ಬಗ್ಗೆ ಮರುಕ ತೋರಿದವೇ ಹೊರತು ಹೆಚ್ಚಿನವು ಗಡಿ ತೆರೆಯಲಿಲ್ಲ. ಅದೇ ನವೆಂಬರ್‌ನಲ್ಲಿ ಜರ್ಮನಿಯಲ್ಲಿ ಸಾವಿರಕ್ಕೂ ಹೆಚ್ಚು ಸಿನಗಾಗ್‌ಗಳು ದಾಳಿಗೆ ತುತ್ತಾದವು. ಪ್ರಾರ್ಥನಾ ಮಂದಿರಗಳು ಬೆಂಕಿಗೆ ಆಹುತಿಯಾದ ಮೇಲೆ ಆ ಸಮುದಾಯವನ್ನು ಹಿಡಿದಿಟ್ಟದ್ದು ಪರಸ್ಪರ ನೆರವು. ಮುಂಬೈಯಲ್ಲಿ 1934ರಲ್ಲೇ ಆರಂಭವಾಗಿದ್ದ ಯಹೂದಿ ಪರಿಹಾರ ಸಂಘವು ನಿರಾಶ್ರಿತರ ಜೀವನೋಪಾಯಕ್ಕೆ ಹೊಣೆ ನಿಂತು ಅವರಿಗೆ ಭಾರತ ಪ್ರವೇಶ ಸುಲಭವಾಗುವಂತೆ ಮಾಡಿತು. ಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಪ್ರಜೆಗಳನ್ನು ಬಂಧನ ಶಿಬಿರಗಳಿಗೆ ಕಳುಹಿಸಿತು. ಹಿಟ್ಲರನಿಂದ ಪಾರಾಗಿ ಬಂದವರೂ ಶತ್ರುಗಳ ಸಾಲಿಗೆ ಸೇರಿಬಿಟ್ಟರು. ಅವರ ಬಿಡುಗಡೆಗೆ ಶ್ರಮಿಸಿದ್ದೂ ಇದೇ ಸಂಘ.

ಯುದ್ಧಕಾಲದ ಕೊರತೆಗಳ ನಡುವೆ ಕೋನಿಗ್ಸ್‌ಬರ್ಗರ್ ಮೈಸೂರಿಗಾಗಿ ದುಡಿದರು. ವಿಜ್ಞಾನ ಸಂಸ್ಥೆಯ ಕಟ್ಟಡಗಳ ಜೊತೆಗೆ ಭದ್ರಾವತಿ ಪಟ್ಟಣದ ಯೋಜನೆಯನ್ನೂ ಸಿದ್ಧಪಡಿಸಿದರು. ಯೂರೋಪಿನ ನಕ್ಷೆಗಳನ್ನು ಇಲ್ಲಿಗೆ ತಂದು ಹೇರುವುದು ಅವರ ಕ್ರಮವಾಗಿರಲಿಲ್ಲ. ಬಿಸಿಲಿನ ದಿಕ್ಕು, ಗಾಳಿಯ ಹಾದಿ, ಮಳೆಯ ಹೊಡೆತಗಳನ್ನು ಗಮನಿಸಿ, ಅಗ್ಗದ ವಸ್ತುಗಳಿಂದಲೇ ನೆರಳು ಒದಗಿಸುವುದನ್ನು ಅವರು ಇಲ್ಲಿ ಕಲಿತರು.

ಆ ಕಲಿಕೆಯ ಫಲ ಸಂಸ್ಥಾನದ ಎಲ್ಲೆ ದಾಟಿತು. ದೇಶ ವಿಭಜನೆಯಿಂದ ಲಕ್ಷಾಂತರ ಕುಟುಂಬಗಳು ಬೀದಿಗೆ ಬಿದ್ದಾಗ, 1948ರಲ್ಲಿ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ಫರೀದಾಬಾದ್, ಗಾಂಧಿಧಾಮದಂತಹ ನಿರಾಶ್ರಿತರ ಪಟ್ಟಣಗಳ ಯೋಜನೆಯಲ್ಲಿ ಅವರ ಪಾಲಿದೆ. ಭುವನೇಶ್ವರದ ಮೊದಲ ನಕ್ಷೆಯೂ ಅವರದೇ. ಎಲ್ಲವೂ ಕೈಗೂಡಲಿಲ್ಲ. ಸಿದ್ಧ ಫಲಕಗಳಿಂದ ಮನೆ ತಯಾರಿಸಲು ದೆಹಲಿಯಲ್ಲಿ ಸ್ಥಾಪಿಸಿದ ಸರ್ಕಾರಿ ಕಾರ್ಖಾನೆ ವಿಫಲವಾಗಿ ತೀವ್ರ ಟೀಕೆಗೆ ಗುರಿಯಾಯಿತು. 1951ರಲ್ಲಿ ಲಂಡನ್ನಿಗೆ ತೆರಳಿದ ಅವರು, ಉಷ್ಣವಲಯದ ವಾಸ್ತುಶಿಲ್ಪದ ಬೋಧನೆಗೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದರು. 1999ರಲ್ಲಿ ನಿಧನರಾದರು.

ಮೈಸೂರು ಅವರಿಗೆ ನೀಡಿದ್ದು ದಾನವಲ್ಲ, ಗೌರವದ ಕೆಲಸ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಸಂಸ್ಥಾನದ ಲಾಭದಾಯಕ ಹೂಡಿಕೆ ಎನ್ನಬಲ್ಲೆ. ಆದರೆ ಈ ಲೆಕ್ಕಕ್ಕೆ ಒಂದು ಮಿತಿಯಿದೆ: ಪ್ರತಿಭೆಯೂ ಪ್ರಭಾವಿ ಬಂಧುವೂ ಇಲ್ಲದ ಅಸಂಖ್ಯ ಯಹೂದಿಗಳಿಗೆ ಯಾವ ದಿವಾನರೂ ದೊರೆಯಲಿಲ್ಲ. ಉಪಯುಕ್ತರಿಗಷ್ಟೇ ಆಸರೆ ಎಂಬ ನೀತಿ ವಿವೇಕವಿರಬಹುದು, ನ್ಯಾಯವಲ್ಲ.

ನಾನು ನೆಲೆಸಿರುವ ಹೊಸಕೋಟೆ ಬಳಿಯ ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶಕ್ಕೆ ದೂರದ ರಾಜ್ಯಗಳಿಂದ ಕಾರ್ಮಿಕರು ಬರುತ್ತಾರೆ. ತಗಡಿನ ಮಾಡಿನ, ಕಿಟಕಿಯಿಲ್ಲದ ಬಾಡಿಗೆ ಕೋಣೆಗಳಲ್ಲಿ ಬೇಸಿಗೆ ಕಳೆಯುವವರಿದ್ದಾರೆ. ಅವರನ್ನು ಓಡಿಸಿದ್ದು ಸರ್ವಾಧಿಕಾರಿಯಲ್ಲ, ಬಡತನ. ಕಾರ್ಖಾನೆಗೆ ಜಮೀನು, ನೀರು, ವಿದ್ಯುತ್ ಮಂಜೂರು ಮಾಡುವ ಕಡತದಲ್ಲೇ ದುಡಿಯುವವರ ವಸತಿಯ ಹಾಳೆಯೂ ಇರಬೇಕು. ನೆರಳು, ಗಾಳಿಗಳಿಗೆ ಹೆಚ್ಚು ಹಣ ಬೇಕಿಲ್ಲವೆಂಬುದನ್ನು ಎಂಬತ್ತು ವರ್ಷಗಳ ಹಿಂದೆಯೇ ಇದೇ ನೆಲದಲ್ಲಿ ಒಬ್ಬ ನಿರಾಶ್ರಿತ ತೋರಿಸಿಕೊಟ್ಟಿದ್ದಾನೆ.